ಮೂರಕ್ಷರದ ‘ಸಾ’

ಅಮೀನಸಾಬರನ್ನು ನಾನು ಮೊದಲು ನೋಡಿದ್ದು ಬೆಳಗಾವಿಯ ಒಂದು ಚಿತ್ರಮಂದಿರದಲ್ಲಿ, ಮುಂದಿನಿಂದ ಏಳನೆಯ ಸಾಲಿನಲ್ಲಿ. ಮಂಗಳವಾರದ ಮಧ್ಯಾಹ್ನದ ಆಟ. ಜನ ಇಪ್ಪತ್ತು ದಾಟಿರಲಿಲ್ಲ. ನಾನಾಗ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಅನಗೋಳದ ಒಂದು ಓಣಿಯಲ್ಲಿ ಬಾಡಿಗೆ ಕೋಣೆ, ಊರು ಗುಂಜಿ, ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವ. ಇಂಗ್ಲಿಷ್ ಚಿತ್ರ ನೋಡಿದರೆ ಇಂಗ್ಲಿಷ್ ಸುಧಾರಿಸುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಹೋಗಿದ್ದೆ. ತಿಳಿಯದ ಶಬ್ದ ಬರೆದುಕೊಳ್ಳಲು ಜೇಬಿನಲ್ಲಿ ಚಿಕ್ಕ ವಹಿ ಇತ್ತು. ಕತ್ತಲಲ್ಲಿ ಬರೆದ ಶಬ್ದಗಳು ಒಂದರ ಮೇಲೊಂದು ಬಿದ್ದು ಆಮೇಲೆ ಒಂದನ್ನೂ ಓದಲಾಗಲಿಲ್ಲ.

ಅದು ಬಾಹ್ಯಾಕಾಶದ ಕತೆ. ನೌಕೆ ಒಡೆದು, ಒಬ್ಬ ಹೆಣ್ಣುಮಗಳು ನಕ್ಷತ್ರಗಳ ನಡುವೆ ಒಬ್ಬಳೇ ತೇಲಿ ಹೋಗುತ್ತಾಳೆ. ಎಲ್ಲರೂ ಪರದೆಯನ್ನು ನೋಡುತ್ತಿದ್ದರೆ ನನ್ನ ಪಕ್ಕದ ಸಾಲಿನ ಮನುಷ್ಯ ಕಣ್ಣು ಮುಚ್ಚಿ ಕುಳಿತಿದ್ದ. ಐವತ್ತೈದು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿವಿಯ ಕೂದಲಿನಲ್ಲಿ ಮರದ ಪುಡಿ. ಪಾಪ, ದುಡಿದು ಬಂದು ಮಲಗಿದ್ದಾನೆ ಎಂದುಕೊಂಡೆ. ಆದರೆ ಅವರ ಬಲಗೈ ತೊಡೆಯ ಮೇಲೆ ನಿಧಾನವಾಗಿ ಹೋಗಿ ಬರುತ್ತಿತ್ತು, ಏನನ್ನೋ ಎಳೆದು ಬಿಡುವವರ ಹಾಗೆ.

ಚಿತ್ರ ಮುಗಿದು ಹೆಸರುಗಳು ಮೇಲೇರತೊಡಗಿದವು. ಜನ ಎದ್ದು ಹೋದರು. ಕಸ ಗುಡಿಸುವ ಫಕೀರವ್ವ ಬಾರಿಗೆ ಹಿಡಿದು ಬಂದಳು.

“ಏಳ್ರಿ ಸಾಹೇಬ್ರ, ಪಿಚ್ಚರ್ ಮುಗೀತು. ಇನ್ನೇನು ಪ್ರಸಾದ ಹಂಚತಾರೇನು?”

“ಎರಡು ಮಿನಿಟು ತಡಿಯವ್ವ. ಹೆಸರು ಬರಾಕತ್ತಾವು.”

“ಅದರಾಗ ನಿಮ್ಮ ಹೆಸರು ಐತೇನು? ಮೂರು ದಿನದಿಂದ ಇದ ಆತು ನಿಮ್ಮದು.”

ಅವರು ನನ್ನ ಕಡೆ ತಿರುಗಿದರು. “ಏ ತಮ್ಮಾ, ಇದು ನಿನಗ ಓದಾಕ ಬರತೈತೇನು?”

“ಬರತೈತ್ರಿ,” ಎಂದೆ. ಆ ಪ್ರಶ್ನೆಗಾಗಿಯೇ ಮೂರು ವರ್ಷ ಕಾದಿದ್ದವನ ಹಾಗೆ ಎದ್ದು ನಿಂತು ಹೇಳಿದೆ.

“ಬಾಜಾ ಬಾರಿಸಿದವರ ಹೆಸರು ಈಗ ಬರತಾವು. ಹೆಸರು ಬ್ಯಾಡ. ಯಾವ ಸಾಮಾನ ಬಾರಿಸ್ಯಾರ, ಅಷ್ಟ ಓದಿ ಹೇಳು.”

ಅಕ್ಷರಗಳು ಓಡುತ್ತಿದ್ದವು. ನಾನು ಗಟ್ಟಿಯಾಗಿ ಓದಿದೆ: ವಯೊಲಿನ್, ಚೆಲ್ಲೊ, ಆರ್ಗನ್, ಗಾಜಿನ ಬಟ್ಟಲು, ಕಂಚಿನ ತಟ್ಟೆ. ಆಮೇಲೆ ಮೂರೇ ಅಕ್ಷರ, ಎಸ್, ಎ, ಡಬ್ಲ್ಯು.

“ಸಾ,” ಎಂದೆ.

“ಏನಂದಿ?”

“ಸಾ ಅಂತ ಬರದಾರ್ರಿ. ಬಾಜೂಕ ಒಬ್ಬ ಹೆಣಮಗಳ ಹೆಸರು ಐತಿ.”

ಅಷ್ಟರಲ್ಲಿ ಮೇಲಿನವರು ಯಂತ್ರ ನಿಲ್ಲಿಸಿ ದೀಪ ಹಾಕಿದರು. ಪರದೆ ಬೆಳ್ಳಗಾಯಿತು.

“ಸಾ ಅಂದ್ರ ಏನು?” ಎಂದು ಅವರು ಕೇಳಿದರು.

ಐದನೆಯ ಇಯತ್ತೆಯಿಂದ ನನಗೆ ಆ ಶಬ್ದ ಬಾಯಿಪಾಠ. ಸೀ, ಸಾ, ಸೀನ್. ಸಾ ಅಂದರೆ ‘ನೋಡಿದನು’. ವಾದ್ಯದವರ ಪಟ್ಟಿಯಲ್ಲಿ ‘ನೋಡಿದನು’ ಬರಲಾರದು ಎಂಬಷ್ಟು ಬುದ್ಧಿ ನನಗಿತ್ತು. ಗೊತ್ತಿಲ್ಲ ಎಂದು ಹೇಳುವ ಬುದ್ಧಿ ಇರಲಿಲ್ಲ.

“ಸಾ ಅಂದ್ರ ಸಾ ರೀ ಚಾಚಾ. ಸಾ ರಿ ಗ ಮ ಅನ್ನೂದರಾಗಿನ ಸಾ. ಒಬ್ಬರು ಬರೇ ಸಾ ಹಿಡಕೊಂಡು ಕುಂತಿರತಾರ, ನಮ್ಮ ತಂಬೂರಿ ಹಂಗ.”

“ಅವರಿಗೂ ಸಾ ಐತಿ?”

“ಇರತೈತ್ರಿ.”

“ಮತ್ತ ಆ ಅಳೂ ಸಪ್ಪಳ? ಆಕಿ ಕತ್ತಲದಾಗ ತೇಲಿ ಹೋಗೂಮುಂದ ಬರತೈತಲ್ಲ, ಎಳಿ ಎಳಿಯಾಗಿ? ಅದ್ಯಾವ ಸಾಮಾನ?”

“ಅದು ಕಂಪ್ಯೂಟರ್‌ನ್ಯಾಗ ಮಾಡಿರತಾರ್ರಿ.”

“ಖರೇನ?”

“ಖರೇರಿ.”

ಅವರು ಟೊಪ್ಪಿಗೆ ಸರಿಮಾಡಿಕೊಂಡು ಎದ್ದರು. ಫಕೀರವ್ವ, “ಸಿಕ್ಕತೇನ್ರಿ ನಿಮ್ಮ ಹೆಸರು?” ಎಂದಾಗ, “ಇಲ್ಲವ್ವ, ಇರಲಿಲ್ಲ,” ಎಂದು ನಕ್ಕರು.

ಹೊರಗೆ ಬಂದ ಮೇಲೆ ಅವರೇ ಚಹಾ ಕೊಡಿಸಿದರು. ಖಾನಾಪುರದ ಒಂದು ಸಾಮಿಲ್ಲಿನಲ್ಲಿ ಗರಗಸಕ್ಕೆ ಹಲ್ಲು ತೀಡುವ ಕೆಲಸ, ಮೂವತ್ತೊಂದು ವರ್ಷ ಆಯಿತು ಎಂದರು. ಮರ ಕೊಯ್ಯುವ ಆ ಕಾರ್ಖಾನೆಗಳಿಗೆ ನಮ್ಮ ಕಡೆ ಎಲ್ಲರೂ ಸಾಮಿಲ್ ಎಂದೇ ಅನ್ನುತ್ತಾರೆ. ನಾನು ಗುಂಜಿಯವನು ಎಂದು ತಿಳಿದು ಅವರಿಗೆ ಸಂತೋಷವಾಯಿತು. “ನಿಮ್ಮೂರ ಕಟಗಿ ಎಷ್ಟು ಕೊಯ್ದೇನೋ ಮಾರಾಯಾ!” ಎಂದರು. ನಮ್ಮ ಮನೆಮಾತು ಮರಾಠಿ, ಅವರದು ದಖ್ಖನಿ, ನಾವಿಬ್ಬರೂ ಆಡಿದ್ದು ಕನ್ನಡ. ಮುಂದೆ ಇಡೀ ಪರಿಚಯ ಕನ್ನಡದಲ್ಲಿಯೇ ನಡೆಯಿತು.

ಆ ಚಿತ್ರವನ್ನು ಕೇಳುವುದು ಹೇಗೆಂದು ಅವರಿಂದ ಕಲಿತೆ. ಗುರುವಾರ ಇಬ್ಬರೂ ಕೂಡಿ ಮತ್ತೊಮ್ಮೆ ಹೋದೆವು. ನೌಕೆ ಮೇಲೇರುವಾಗ ತುತ್ತೂರಿಗಳು ಒಂದೇ ಸ್ವರವನ್ನು ಹಿಡಿದು ನಿಲ್ಲುವುದು, ಅದರಡಿಯಲ್ಲಿ ಆರ್ಗನ್ ನೆಲವನ್ನೇ ನಡುಗಿಸುವುದು, ನೌಕೆ ಒಡೆದ ಕ್ಷಣ ಎಲ್ಲ ವಾದ್ಯಗಳೂ ಬಾಯಿ ಮುಚ್ಚುವುದು, ಇವೆಲ್ಲ ಮೊದಲ ಸಲ ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ. ಅವರು ಕಿವಿಯ ಹತ್ತಿರ ಪಿಸುಗುಟ್ಟುತ್ತಿದ್ದರು. “ಈಗ ಕೇಳು, ಗಾಜಿನ ಬಟ್ಟಲಾಗ ನೀರು ಹಾಕಿ ಅಂಚಿಗೆ ಬೆರಳು ಹಚ್ಚ್ಯಾರ... ಈಗ ಕಂಚಿನ ತಟ್ಟಿ. ಅದನ್ನ ಬಡಿಯೂದಿಲ್ಲ, ಕಮಾನು ಎಳೀತಾರ.” ಕತ್ತಲಲ್ಲಿ ಆ ಹೆಣ್ಣುಮಗಳು ತೇಲತೊಡಗಿದಾಗ ಮಾತು ನಿಲ್ಲಿಸಿದರು. ತೆಳ್ಳಗಿನ ಒಂದು ಧ್ವನಿ ಎಲ್ಲಿಂದಲೋ ಎದ್ದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತ, ನಡುಗುತ್ತ ಮೇಲೆ ಹೋಯಿತು. ಮನುಷ್ಯರ ದನಿ ಅನ್ನುವ ಹಾಗಿರಲಿಲ್ಲ, ಅಲ್ಲ ಅನ್ನುವ ಹಾಗೂ ಇರಲಿಲ್ಲ.

“ಹಾರ್ಮೋನಿಯಂಗ ಮನಿ ಇರತಾವು,” ಎಂದು ಆಮೇಲೆ ದಾರಿಯಲ್ಲಿ ಹೇಳಿದರು. “ಕರಿಮನಿ, ಬಿಳಿಮನಿ. ಸುರ ಆ ಮನ್ಯಾಗ ಇರಬೇಕು. ಈ ಸಪ್ಪಳಕ ಮನಿ ಇಲ್ಲ. ನೆಲಾ ಬಿಟ್ಟು ತೇಲೂ ಹೆಣಮಗಳಿಗೆ ಮನಿ ಎಲ್ಲೈತಿ? ಅದಕ ಮನಿ ಇಲ್ಲದ್ದ ತಂದಿಟ್ಟಾನ ನೋಡು ಸಂಗೀತ ಮಾಡಿದ ಆ ಪುಣ್ಯಾತ್ಮ.”

ಹದಿನೈದು ದಿನದ ಮೇಲೆ ಊರಿಗೆ ಹೋಗುವಾಗ ಖಾನಾಪುರದಲ್ಲಿ ಇಳಿದು ಅವರ ಮನೆಗೆ ಹೋದೆ. ಅವರ ಹೆಂಡತಿ ಮಮ್ತಾಜ ಚಾಚಿ ನನ್ನ ಚೀಲವನ್ನು ಒಳಗಿಡಲು ಎತ್ತಿದವರೇ, “ಯಾ ಅಲ್ಲಾ! ಇದರಾಗ ಕಲ್ಲು ತುಂಬಿಯೇನೋ?” ಎಂದರು.

“ಡಿಕ್ಷನರಿ ಐತ್ರಿ ಚಾಚಿ.”

“ಅಷ್ಟು ದಪ್ಪ ಶಬ್ದ ಅದಾವೇನು ಇಂಗ್ಲಿಷಿನ್ಯಾಗ?”

ಊಟವಾದ ಮೇಲೆ ಅಮೀನಸಾಬರು ಗೋಡೆಯ ಮೊಳೆಯಿಂದ ಒಂದು ಕೈಗರಗಸ ಇಳಿಸಿದರು. ಅದಕ್ಕೆ ಹಲ್ಲುಗಳಿರಲಿಲ್ಲ. ಅಂಚನ್ನು ತಿಕ್ಕಿ ನುಣ್ಣಗೆ ಮಾಡಿದ್ದರು. ಹಿಡಿಕೆಯನ್ನು ಮೊಳಕಾಲುಗಳ ನಡುವೆ ಸಿಕ್ಕಿಸಿ, ಎಡಗೈಯಿಂದ ತುದಿಯನ್ನು ಬಾಗಿಸಿ, ಬಲಗೈಯಲ್ಲಿ ಒಂದು ಕಮಾನು ತೆಗೆದುಕೊಂಡರು. ಕಮಾನು ಮೀರಜದ ಹಳೆಯ ಪಿಟೀಲಿನದು. ಅದಕ್ಕೆ ಕಟ್ಟಿದ್ದು ಟಾಂಗಾ ಕುದುರೆಯ ಬಾಲದ ಕೂದಲು. ರಾಳ ತಿಕ್ಕಿ, ಅಲಗಿನ ಬೆನ್ನಿಗೆ ಎಳೆದರು.

ಚಿತ್ರಮಂದಿರದಲ್ಲಿ ಕೇಳಿದ ಧ್ವನಿ ಆ ಮಂಗಳೂರು ಹೆಂಚಿನ ಮನೆಯೊಳಗೆ ಎದ್ದಿತು. ಅಡುಗೆಮನೆಯ ತಾಟುಗಳು ಸಣ್ಣಗೆ ಅದುರಿದವು.

“ಇಪ್ಪತ್ತಾರರ ವಯಸ್ಸಿನ್ಯಾಗ ಒಮ್ಮೆ ಹಲ್ಲು ತೀಡೂಮುಂದ ಅರ ಜಾರಿ ಬೆನ್ನಿಗೆ ಬಡೀತು, ಇದು ಹಾಡಿತು,” ಎಂದರು. “ಅವತ್ತಿನಿಂದ ಬಿಟ್ಟಿಲ್ಲ. ಮಾಲಕರು ಕೇಳಿದರು, ‘ಏ ಅಮೀನಾ, ಕರಗಸಕ್ಕ ಹೊಟ್ಟಿನೋವು ಬಂದೈತೇನು?’ ಅಂತ. ಭಜನಿ ಮಂಡಳಿ ಕಲ್ಲಯ್ಯನವರ ಕಡೆ ಹೋದೆ. ಭಾಳ ಒಳ್ಳೆ ಮನಷ್ಯಾ. ಚಹಾ ಕುಡಿಸಿ ಹೇಳಿದರು, ‘ಸಾಹೇಬ್ರ, ಬಡಿಗ್ಯಾನ ಸಾಮಾನ ಬಡಿಗ್ಯಾನ ಮನ್ಯಾಗ ಇರಲಿ.’ ಓಣ್ಯಾಗಿನ ಹೆಣಮಕ್ಕಳು ದೆವ್ವಾ ಅಳತೈತಿ ಅಂದರು. ನಿಮ್ಮ ಚಾಚಿ ಒಬ್ಬಾಕಿ ಏನೂ ಅಂದಿಲ್ಲ.”

“ಅಂದೇನಲ್ಲ,” ಎಂದು ಚಾಚಿ ಒಳಗಿನಿಂದ ಕೂಗಿದರು. “ಮಕ್ಕಳು ಮಲಗ್ಯಾವ, ಹಿತ್ತಲದಾಗ ಬಾರಿಸು ಅಂದಿದ್ದೆ.”

ಅಮೀನಸಾಬರು ಅಲಗನ್ನು ಒರೆಸುತ್ತ ಮುಂದುವರಿಸಿದರು. “ನನಗ ನಾನ ಒಂದು ಮಾತು ಕೊಟ್ಟಕೊಂಡಿದ್ದೆ. ಜಗತ್ತಿನ್ಯಾಗ ಎಲ್ಲ್ಯಾರ ಒಬ್ಬರು ಕುರ್ಚಿ ಮ್ಯಾಲ, ಪಿಟೀಲಿನವರ ಬಾಜೂಕ ಕುಂತು ಕರಗಸ ಬಾರಿಸ್ಯಾರ ಅಂತ ಗೊತ್ತಾಗಲಿ, ನಾನೂ ಮಂದಿ ಮುಂದ ಕುಂದರತೀನಿ ಅಂತ. ಆ ಪಿಚ್ಚರಿನ್ಯಾಗ ಇದನ್ನ ಕೇಳಿದೆ ಅನಿಸ್ತು. ಅದಕ ಮೂರು ದಿನಾ ಬಂದೆ. ನೀ ಓದಿದ ಮ್ಯಾಲ ಅದು ಅಲ್ಲ ಅಂತ ತಿಳೀತು.”

“ಆದರ ಚಾಚಾ, ಸಪ್ಪಳ ಅದ ಐತ್ರಿ,” ಎಂದೆ.

“ನನಗೂ ಹಂಗ ಅನಿಸ್ತೈತಿ. ನಮಗ ಅನಿಸಿದ್ದಕ್ಕ ಏನೈತಿ? ಪಟ್ಟಿಯೊಳಗ ಕರಗಸ ಅಂತ ಬರದಿರಲಿಲ್ಲಲ್ಲ?”

“ಇರಲಿಲ್ರಿ,” ಎಂದೆ.

ಡಿಕ್ಷನರಿ ಮೂರು ಮೊಳ ದೂರದಲ್ಲಿತ್ತು. ದಿನಕ್ಕೆ ಹತ್ತು ಹೊಸ ಶಬ್ದ ನೋಡಿ ಬರೆದಿಡುವ ಹುಡುಗ ನಾನು. ಪ್ರಾಧ್ಯಾಪಕರು ಬಳಸಿದ ಉದ್ದುದ್ದ ಶಬ್ದಗಳನ್ನೆಲ್ಲ ಅದರಲ್ಲಿ ಹುಡುಕಿದ್ದೆ. ಈ ಮೂರಕ್ಷರದ ಶಬ್ದವನ್ನು ಹುಡುಕಲಿಲ್ಲ. ಅದು ನನಗೆ ಬರುತ್ತದೆ ಎಂದೇ ಹುಡುಕಲಿಲ್ಲ. ಗರಗಸಕ್ಕೆ ಮರಾಠಿಯಲ್ಲಿ ಕರವತ, ದಖ್ಖನಿಯಲ್ಲಿ ಆರಿ, ನಮ್ಮ ಕಡೆಯ ಕನ್ನಡದಲ್ಲಿ ಕರಗಸ; ಮೂರು ಭಾಷೆಯಲ್ಲಿ ಗೊತ್ತಿದ್ದ ಸಾಮಾನಿಗೆ ನಾಲ್ಕನೆಯದರಲ್ಲಿ ಏನನ್ನುತ್ತಾರೆಂದು ಕೇಳಿಕೊಳ್ಳುವುದು ತೋಚಲಿಲ್ಲ.

ಅದಾದ ಎರಡು ತಿಂಗಳಿಗೆ ಇನ್ನೊಂದು ಅವಕಾಶ ಬಂತು. ಅನಗೋಳದಲ್ಲಿ ನನ್ನ ಕೋಣೆಯ ಕೆಳಗೆ ಶುಭದಾ ಮೇಡಂ ಪಿಟೀಲು ಕಲಿಸುತ್ತಿದ್ದರು. ಅವರ ಶಿಷ್ಯರು ಒಂದು ವಿಜ್ಞಾನ ಪ್ರದರ್ಶನದ ಉದ್ಘಾಟನೆಗೆ ಆ ಚಿತ್ರದ ಸಂಗೀತವನ್ನೇ ನುಡಿಸುವವರಿದ್ದರು. ಪಿಟೀಲುಗಳು ಚೆನ್ನಾಗಿ ಕೂಡಿದ್ದವು. ತೇಲುವ ಭಾಗಕ್ಕೆ ಬಂದಾಗ ಮಾತ್ರ ಕೀಬೋರ್ಡಿನಿಂದ ತೆಗೆದ ಧ್ವನಿ ಸೊಳ್ಳೆಯ ಹಾಗೆ ಗುಂಯ್‌ಗುಟ್ಟುತ್ತಿತ್ತು. ನಾನು ಅಮೀನಸಾಬರ ವಿಷಯ ಹೇಳಿದೆ.

“ಕರಗಸಾ?” ಎಂದು ಮೇಡಂ ನಕ್ಕರು. ಮರುಕ್ಷಣ ಗಂಭೀರರಾಗಿ, “ಕರಕೊಂಡು ಬಾ. ನೋಡೂಣು. ಛಲೋ ಕೇಳಿದರ ನಡುವ ಕುರ್ಚಿ ಹಾಕಿ ಕುಂದರಸತೀನಿ,” ಎಂದರು.

ನಾನು ಮರುದಿನವೇ ಖಾನಾಪುರಕ್ಕೆ ಓಡಿದೆ. ಅಮೀನಸಾಬರು ಸಾಮಿಲ್ಲಿನ ಹೊರಗೆ ಮರದ ದಿಮ್ಮಿಯ ಮೇಲೆ ಕುಳಿತು ಬುತ್ತಿ ಬಿಚ್ಚಿದ್ದರು. ಎಲ್ಲ ಕೇಳಿಕೊಂಡು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ಬ್ಯಾಡೋ ಬಾಳೇಶಾ.”

“ಯಾಕ್ರಿ ಚಾಚಾ? ಕುರ್ಚಿ ಹಾಕತಾರಂತ್ರಿ. ಪಿಟೀಲಿನವರ ನಡುವ.”

“ಅವರು ಭಾಳ ದೊಡ್ಡ ಮನಸ್ಸಿನವರು. ಆದರ ಕಂಪ್ಯೂಟರ್ ಮಾಡಿದ್ದನ್ನ ನಾ ಕರಗಸದಾಗ ಮಾಡಿ ತೋರಿಸಿದರ ಅದಕ ಬಾಜಾ ಅನ್ನೂದಿಲ್ಲ, ನಕಲು ಅಂತಾರ. ಕಾಗಿ ಕೂಗಿ ತೋರಿಸೂದು, ಕೋಳಿ ಕೂಗಿ ತೋರಿಸೂದು ಇರತಾವಲ್ಲ, ಹಂಗ. ಮಂದಿ ಚಪ್ಪಾಳಿ ಹೊಡೀತಾರ, ನಗತಾರ. ಮೂವತ್ತು ವರ್ಷ ನಗಿಸೀನಿ, ಸಾಕು.”

ನಾನು ಒತ್ತಾಯ ಮಾಡಿದೆ. ಆದರೆ ನನ್ನ ಒತ್ತಾಯದ ಬುಡದಲ್ಲೇ ಹುಳುಕಿತ್ತು. ಅದು ಕಂಪ್ಯೂಟರ್ ಅಂತ ಹೇಳಿದವನು ನಾನೇ. ಬಹುಶಃ ಅಲ್ಲ, ನನಗೆ ಸರಿಯಾಗಿ ಗೊತ್ತಿಲ್ಲ ಎಂದು ಆಗಲಾದರೂ ಹೇಳಿದ್ದರೆ ಸಾಕಾಗಿತ್ತು. ಪದವೀಧರನಾಗಲಿರುವ ಹುಡುಗನ ಬಾಯಿಗೆ ಆ ಮಾತು ಬರಲಿಲ್ಲ.

ಪ್ರದರ್ಶನದ ದಿನ ಕೀಬೋರ್ಡಿನ ಸೊಳ್ಳೆಯೇ ಹಾಡಿತು. ಮುಂದಿನ ಸಲ ಖಾನಾಪುರಕ್ಕೆ ಹೋದಾಗ ಗೋಡೆಯ ಮೊಳೆ ಖಾಲಿ ಇತ್ತು. ನುಣ್ಣಗಿದ್ದ ಆ ಅಂಚಿಗೆ ಅಮೀನಸಾಬರೇ ಮತ್ತೆ ಒಂದೊಂದಾಗಿ ಹಲ್ಲು ತೀಡಿ, ನಂದಗಡದ ಒಬ್ಬ ಬಡಿಗನಿಗೆ ಕೊಟ್ಟಿದ್ದರು. “ಉಕ್ಕು ಭಾಳ ಛಲೋದು. ಸುಮ್ಮನ ತೂಗಾಡಿದರ ಏನು ಫಾಯದೆ?” ಎಂದರು. ಹಾಗೆ ಹೇಳುವಾಗ ಚಾಚಿ ಅವರ ಮುಖ ನೋಡದೆ ನನ್ನ ಮುಖ ನೋಡುತ್ತಿದ್ದರು.

ಆಮೇಲೆ ಬಿ.ಎಡ್. ಮುಗಿಸಿದೆ. ಬೆಳಗಾವಿಯ ಒಂದು ಪ್ರೌಢಶಾಲೆಯಲ್ಲಿ ನೌಕರಿ ಸಿಕ್ಕಿತು. ಇಂಗ್ಲಿಷ್ ಕಲಿಸುತ್ತೇನೆ.

ಚಿತ್ರ ನೋಡಿ ಐದು ವರ್ಷವಾಗಿದ್ದಾಗ ಒಂದು ಭಾನುವಾರ ಬಸ್ಸಿನಲ್ಲಿ ಊರಿಗೆ ಹೊರಟಿದ್ದೆ. ಖಾನಾಪುರ ಸಮೀಪ ಬಸ್ಸು ಒಂದು ಲಾರಿಯ ಹಿಂದೆ ನಿಂತಿತು. ಕಿಟಕಿಯ ಎದುರಿಗೇ ಸಾಮಿಲ್ಲಿನ ಹೊಸ ಫಲಕ. ಮೊದಲು ಅಗಲವಾದ ಹಲಗೆ ಇತ್ತು, ಈಗ ಕಂಬಕ್ಕೆ ಕಟ್ಟಿದ ಕಿರಿದಾದ ತಗಡು. ಒಂದೇ ಸಾಲಿನಲ್ಲಿ ಹಿಡಿಸದೆ ಪೇಂಟರನು ಇಂಗ್ಲಿಷಿನಲ್ಲಿ ‘ಸಾ’ ಎಂದು ಮೇಲೆ, ‘ಮಿಲ್’ ಎಂದು ಕೆಳಗೆ ಬರೆದಿದ್ದ. ಹುಟ್ಟಿದಾಗಿನಿಂದ ಒಂದೇ ಶಬ್ದ ಎಂದು ತಿಳಿದದ್ದು ನನ್ನ ಕಣ್ಣೆದುರು ಎರಡಾಗಿ ನಿಂತಿತ್ತು. ಮಿಲ್ ಎಂದರೆ ಗೊತ್ತು. ಹಾಗಾದರೆ ಮೇಲಿನದು? ಎಸ್, ಎ, ಡಬ್ಲ್ಯು.

ಮೊಬೈಲಿನಲ್ಲಿ ನೋಡಿದೆ. ಮೊದಲ ಅರ್ಥ ನೋಡಿದನು. ಎರಡನೆಯದು ಗರಗಸ. ಆ ಚಿತ್ರದ ಸಂಗೀತದ ಪಟ್ಟಿಯನ್ನು ಹುಡುಕಿದೆ. ಗರಗಸ ನುಡಿಸಿದ ಆ ಹೆಣ್ಣುಮಗಳ ಭಾವಚಿತ್ರವೇ ಇತ್ತು. ಉದ್ದ ಕಪ್ಪು ಉಡುಪು, ಮೊಳಕಾಲುಗಳ ನಡುವೆ ಗರಗಸ, ಕೈಯಲ್ಲಿ ಕಮಾನು. ಕುರ್ಚಿಯ ಮೇಲೆ ಕುಳಿತಿದ್ದಳು, ಪಿಟೀಲಿನವರ ಪಕ್ಕದಲ್ಲಿ.

ಬಸ್ಸು ಖಾನಾಪುರಕ್ಕೆ ಬಂದಾಗ ಇಳಿದು ನೇರ ಅವರ ಮನೆಗೆ ಹೋದೆ. ಅಮೀನಸಾಬರು ಸಾಮಿಲ್ಲಿನ ಕೆಲಸ ಬಿಟ್ಟು ಎಂಟು ತಿಂಗಳಾಗಿತ್ತು. ಯಂತ್ರಗಳ ಸದ್ದಿನಲ್ಲಿ ಮೂವತ್ತೈದು ವರ್ಷ ನಿಂತು ಕಿವಿ ಮಂದವಾಗಿದ್ದವು ಎಂದು ಚಾಚಿ ಬಾಗಿಲಲ್ಲೇ ಹೇಳಿದರು. “ಜೋರಾಗಿ ಮಾತಾಡು. ದಪ್ಪ ದನಿ ಕೇಳತಾವ, ಸಣ್ಣ ದನಿ ಕೇಳೂದಿಲ್ಲ. ಮೊಮ್ಮಗಳು ಅಲ್ಮಾಸ ಮಾತಾಡಿದರ ಬರೇ ಬಾಯಿ ನೋಡತಾರ.”

ನಾನು ಫೋಟೊ ತೋರಿಸಿದೆ. ಸಾಮಿಲ್ಲಿನ ಬೋರ್ಡಿನಲ್ಲಿರುವ ಸಾ ಅಂದರೇ ಕರಗಸ, ಓದಿದ್ದು ನಾನು ಸರಿ, ಅರ್ಥ ಹೇಳಿದ್ದು ತಪ್ಪು ಎಂದು ಕೂಗಿ ಕೂಗಿ ಹೇಳಿದೆ. ಅವರು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆ ಹೆಂಗಸಿನ ಎಡಗೈಯನ್ನು ದೊಡ್ಡದು ಮಾಡಿಸಿ ನೋಡಿದರು.

“ಹೆಬ್ಬಟ್ಟು ಹಂಗ ಇಡತಾಳ ನೋಡು,” ಎಂದರು. “ನಾನೂ ಹಂಗ ಇಡತಿದ್ದೆ. ಯಾರೂ ಕಲಿಸಿರಲಿಲ್ಲ.” ಆಮೇಲೆ, “ಹಚ್ಚು, ಕೇಳೂಣು,” ಎಂದರು.

ಅವರ ಒಂದು ಕಿವಿಗೆ ಇಯರ್‌ಫೋನ್ ಹಾಕಿ ಹಚ್ಚಿದೆ. ಇನ್ನೊಂದು ಎಳೆಯನ್ನು ನನ್ನ ಕಿವಿಗೆ ಇಟ್ಟುಕೊಂಡೆ. ತುತ್ತೂರಿ ಬಂದಾಗ ತಲೆದೂಗಿದರು. ಆರ್ಗನ್ ಬಂದಾಗ ಎದೆಯ ಮೇಲೆ ಕೈ ಇಟ್ಟುಕೊಂಡರು. ನೌಕೆ ಒಡೆದ ಮೇಲಿನ ಮೌನ ಬಂತು. ಆಮೇಲೆ ಗರಗಸ ಎದ್ದಿತು. ತೆಳ್ಳಗೆ, ಮೇಲೆ, ಇನ್ನೂ ಮೇಲೆ, ಜಾರಿ, ನಡುಗಿ, ಮತ್ತೆ ಮೇಲೆ. ಅಮೀನಸಾಬರು ಕಣ್ಣು ಮುಚ್ಚಿ ಕಾಯುತ್ತಿದ್ದರು. ಅದು ಮುಗಿದು ಪಿಟೀಲುಗಳು ಸುರುವಾದವು.

“ಇನ್ನೂ ಬಂದಿಲ್ಲೇನು?” ಎಂದು ಕೇಳಿದರು.

“ಬಂದು ಹೋತ್ರಿ ಚಾಚಾ,” ಎಂದೆ. ಮೆಲ್ಲಗೆ ಹೇಳಿದ್ದರಿಂದ ಅವರಿಗೆ ಅದೂ ಕೇಳಲಿಲ್ಲ. ಚಾಚಿ ಅವರ ಮುಂದೆ ಬಂದು ನಿಂತು ಕೈಸನ್ನೆ ಮಾಡಿ ತಿಳಿಸಿದರು.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. “ನೀ ಸುಳ್ಳು ಓದಲಿಲ್ಲೋ ತಮ್ಮಾ. ಸಾ ಅಂತ ಇತ್ತು, ಸಾ ಅಂದಿ. ಅದ ಬೋರ್ಡಿನ ಕೆಳಗ ನಾ ಮೂವತ್ತೈದು ವರ್ಷ ಹಾದು ಹೋಗೇನಿ. ನನಗರ ಹೊಳೀತೇನು?” ಎಂದು ನಕ್ಕರು.

ಚಾಚಿ ನಗಲಿಲ್ಲ. “ಆ ದಿನಾ ಚೀಲದಾಗ ಡಿಕ್ಷನರಿ ಇತ್ತಲ್ಲೋ?” ಎಂದು ಕೇಳಿದರು. “ನಾನ ಎತ್ತಿಟ್ಟಿದ್ನಲ್ಲ.”

ಇತ್ತು ಎಂದೆ. ಅವರು ಚಹಾ ಮಾಡಲು ಹೋದರು.

ನಂದಗಡಕ್ಕೆ ಹೋಗಿ ಬಡಿಗನನ್ನು ಹುಡುಕಿದೆ. ಅಲಗು ಸವೆದು ತುಂಡಾಗಿ ಗುಜರಿಗೆ ಹೋಗಿತ್ತು. ಹೊಸ ಗರಗಸ ಕೊಂಡುಕೊಡುತ್ತೇನೆ ಎಂದರೆ ಅಮೀನಸಾಬರು ಬೇಡವೆಂದರು. “ಕಿವಿಗೆ ಕೇಳದ್ದನ್ನ ಕೈ ಹೆಂಗ ಬಾರಿಸ್ತೈತಿ?” ಎಂದು ಕೇಳಿದರು. ಶುಭದಾ ಮೇಡಂ ಅವರಿಗೆ ಎಲ್ಲ ಹೇಳಿದಾಗ ಅವರು, “ಅವರು ಬಾರಿಸಿದ್ದನ್ನ ನೀನರ ರೆಕಾರ್ಡ್ ಮಾಡಿಟ್ಟುಕೊಂಡಿದ್ದೇನು?” ಎಂದರು. ಇಲ್ಲ. ಆ ಮಧ್ಯಾಹ್ನ ಅದನ್ನು ಕೇಳಿದವರು ನಾನು ಮತ್ತು ಚಾಚಿ ಇಬ್ಬರೇ. ಅವರು ಯಾವ ರಾಗದಲ್ಲಿ ಬಾರಿಸಿದರು ಎಂದು ಗುರುತಿಸುವಷ್ಟು ಸಂಗೀತ ನನಗೆ ಬರುವುದಿಲ್ಲ.

ಅಮೀನಸಾಬರಿಗೆ ಈಗ ಅರವತ್ತನಾಲ್ಕು. ಖಾನಾಪುರದ ಪೇಟೆಯಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡು ದರ್ಜಿಗಳ ಕತ್ತರಿ, ಮನೆಗಳ ಈಳಿಗೆ, ಹೊಲದವರ ಕುಡುಗೋಲುಗಳಿಗೆ ಸಾಣೆ ಹಿಡಿಯುತ್ತಾರೆ. ಬೆಳಿಗ್ಗೆ ಹತ್ತಕ್ಕೆ ತೆರೆದು ಸಂಜೆ ಆರಕ್ಕೆ ಮುಚ್ಚುತ್ತಾರೆ. ಶುಕ್ರವಾರ ಮಧ್ಯಾಹ್ನದ ಮೇಲೆ ರಜೆ.